ವರ್ಷಕ್ಕೊಮ್ಮೆ ಸಾಯುವವರು

ಮೈಲಾರೆಪ್ಪ ವರ್ಷಕ್ಕೊಮ್ಮೆ ಸಾಯುತ್ತಿದ್ದ.

ಏಪ್ರಿಲ್ ತಿಂಗಳು. ಬಿಸಿಲು ನೆತ್ತಿ ಮೇಲೆ. ಪಟಾಕಿ ಸರ ಹೊಡೆಯಿತು ಅಂದರೆ ಬೀಳಬೇಕು. ಅದು ಅವನ ಪಾತ್ರ. ಉಳಿದ ದಿನ ಬ್ಯಾಡಗಿ ಮಾರುಕಟ್ಟೆಯಲ್ಲಿ ಹಮಾಲಿ. ಮೆಣಸಿನಕಾಯಿ ಚೀಲ ಹೊತ್ತು ಹೊತ್ತು ಕುತ್ತಿಗೆಯ ಹಿಂದೆ ಮಾಂಸ ಗಂಟುಕಟ್ಟಿತ್ತು. ಅಂಗಿ ಬಿಚ್ಚಿದರೆ ಬೆನ್ನ ತುಂಬ ಕೆಂಪು ಧೂಳು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ನಾಟಕಕ್ಕೆ ರಕ್ತ ಬಳಿಯುವವರಿಗೆ ಅರ್ಧ ಕೆಲಸ ಉಳಿಯುತ್ತಿತ್ತು.

ಊರು ಹಿರೇಕಾವಲಿ. ರಾಣೆಬೆನ್ನೂರು ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಗೆ. ಒಂದು ಕಾಲಕ್ಕೆ ಅಲ್ಲಿ ಸಣ್ಣ ಮಣ್ಣಿನ ಕೋಟೆ ಇತ್ತಂತೆ. ಹೊಳೆ ದಾಟಿ ಬಂದ ಕುಂಪಣಿ ಪಲ್ಟಣವನ್ನು ಕೋಟೆಯೊಳಗಿನ ಮಂದಿ ಒಂದು ಹಗಲು ತಡೆದರಂತೆ. ಸಂಜೆಗೆ ಒಳಗಿದ್ದವರೆಲ್ಲ ಸತ್ತರಂತೆ. ಕೋಟೆ ಹೋಯಿತು, ಕುಂಪಣಿಯೂ ಹೋಯಿತು. ಉಳಿದದ್ದು ಒಂದು ಕಲ್ಲಿನ ಕಟ್ಟೆ. ಅದಕ್ಕೆ ಹುತಾತ್ಮರ ಕಟ್ಟೆ ಎಂದು ಹೆಸರಿಟ್ಟು, ಸುಣ್ಣ ಬಳಿದು, ಸ್ಮರಣೋತ್ಸವ ಸಮಿತಿ ಮಾಡಿಕೊಂಡು, ವರ್ಷಕ್ಕೊಮ್ಮೆ ಕಾಳಗದ ರೂಪಕ ಆಡಿಸುತ್ತಿದ್ದರು. ಸಮಿತಿಗೆ ಅಧ್ಯಕ್ಷ ಸೋಮಣ್ಣ. ಕೇರಿಯ ಗಂಡಸರು ಹೆಂಗಸರನ್ನು ದಿನಾ ಬ್ಯಾಡಗಿಗೆ ಒಯ್ದು ತರುವ ಟೆಂಪೋ ಅವನದೇ.

ರೂಪಕದಲ್ಲಿ ಸಾಯುವವರು ಬೇಕಲ್ಲ? ಅದಕ್ಕೆ ಕೇರಿ ಇತ್ತು. ಟೆಂಪೋ ಹತ್ತುವವರು ವರ್ಷಕ್ಕೊಮ್ಮೆ ಬಂದು ಸಾಯಬೇಕು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಸೋಮಣ್ಣ ಟೆಂಪೋದ ಬಾಗಿಲು ಹಿಡಿದು ನಿಂತು, "ನಾಳೆ ಐತಿ, ಬರ್ರೆಪಾ" ಅನ್ನುತ್ತಿದ್ದ. ಅಷ್ಟೇ.

ಕೋಟೆಯ ಯಜಮಾನ ಕಿಲ್ಲೇದಾರನೂ ಕೊನೆಗೆ ಸಾಯುತ್ತಾನೆ. ಆದರೆ ಅವನ ಸಾವೇ ಬೇರೆ. ಆ ಪಾತ್ರ ಸೋಮಣ್ಣನ ಅಳಿಯನದು. ಅವನು ಚಾಪೆ ಹಾಸಿದ ಜಾಗ ನೋಡಿಕೊಂಡು ಬೀಳುತ್ತಿದ್ದ. ಬಿದ್ದ ಕೂಡಲೇ ನಾಲ್ವರು ಬಂದು ಹೆಗಲ ಮೇಲೆ ಹೊತ್ತು, ಜೈಕಾರ ಹಾಕುತ್ತ ಕಟ್ಟೆಗೆ ಒಯ್ಯುತ್ತಿದ್ದರು. ಅಲ್ಲಿ ಅವನಿಗೆ ನೆರಳು, ಹಾರ, ಆಮೇಲೆ ಶಾಲು. ಉಳಿದ ಹೆಣಗಳಿಗೆ ತುತ್ತೂರಿ ಊದುತ್ತಿದ್ದರು. ಊದಿದ ಕೂಡಲೇ ಹೆಣಗಳು ಎದ್ದು, ಬಗ್ಗಿ, ಯಾರಿಗೂ ಅಡ್ಡ ಬರದಂತೆ ಬಯಲ ಅಂಚಿನ ಸರಕಾರಿ ಸಾಲಿಯ ಹಿಂದಕ್ಕೆ ಓಡಿಹೋಗಬೇಕು. ಅಲ್ಲಿ ಅವರಿಗೆ ಊಟ. ಅವರು ಬಿದ್ದಿದ್ದ ಜಾಗಕ್ಕೆ ಪೂಜಾರಿ ಬೇವಿನ ಎಲೆ ಅದ್ದಿ ತಂಬಿಗೆಯ ಗೋಮೂತ್ರ ಚಿಮುಕಿಸುತ್ತಿದ್ದ. ಆಮೇಲೆ ಆ ಜಾಗದ ಮೇಲೆ ಮುಖ್ಯ ಅತಿಥಿಗಳು ನಡೆದು ಹೋಗಿ ಹುತಾತ್ಮರಿಗೆ ಹಾರ ಹಾಕುತ್ತಿದ್ದರು.

ಕೇರಿಯವರು ಕಟ್ಟೆ ಹತ್ತಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಹತ್ತಿದವರೂ ಇರಲಿಲ್ಲ.

ಸಾಯುವುದರಲ್ಲೂ ಪಾಳಿ ಇತ್ತು. ಕೇರಿಯವರು ಕೋಟೆಯ ಸೈನಿಕರಾಗಿ ಸಾಯಬೇಕು. ಊರ ಮುಸಲ್ಮಾನರು ಕುಂಪಣಿಯವರಾಗಿ ಸಾಯಬೇಕು. ಮೈಲಾರೆಪ್ಪನ ಜೊತೆಗೇ ಹಮಾಲಿ ಮಾಡುವ ಅಬ್ದುಲರಜಾಕನಿಗೆ ಇದೊಂದು ಸಂಕಟ.

"ನಮ್ಮ ಮುತ್ತ್ಯಾನ ಮುತ್ತ್ಯಾ ಕೋಟಿ ಒಳಗ ಸತ್ತಾನಂತ ಮನ್ಯಾಗ ಹೇಳ್ಕೋತ ಬಂದಾರ," ಅನ್ನುತ್ತಿದ್ದ. "ನನ್ನ ನೋಡಿದ್ರ ವರ್ಷಾ ಹೊರಗ ಸಾಯಸ್ತಾರ."

"ಎಲ್ಲಿ ಸತ್ರ ಏನೋ ಮಾರಾಯ, ಬಿಸಲು ಒಂದ," ಅನ್ನುತ್ತಿದ್ದ ಮೈಲಾರೆಪ್ಪ.

ಹೀಗೇ ನಡೆಯುತ್ತಿತ್ತು. ಹೋದ ವರ್ಷದ ತನಕ.

ಹೋದ ವರ್ಷ ಅತಿಥಿಗಳು ತಡಮಾಡಿದರು. ಸತ್ತವರು ಸತ್ತಲ್ಲೇ ಬಿದ್ದಿದ್ದರು. ಏಳುವಂತಿಲ್ಲ, ಯಾಕೆಂದರೆ ಅತಿಥಿ ಬಂದಾಗ ಬಯಲು ರಣರಂಗದ ಹಾಗೆ ಕಾಣಬೇಕು. ಮೈಲಾರೆಪ್ಪನ ತಮ್ಮ ದುರಗಪ್ಪ ನೀರು ಕೇಳಿದ. ಸೋಮಣ್ಣ ಶಾಮಿಯಾನದ ಕೆಳಗಿಂದ ಕೂಗಿದ.

"ಹೆಣ ನೀರು ಕುಡಿತಾವೇನಲೇ?"

ಮಂದಿ ನಕ್ಕರು. ದುರಗಪ್ಪನೂ ನಕ್ಕ. ಆಮೇಲೆ ಅವನ ದನಿ ಯಾರಿಗೂ ಕೇಳಲಿಲ್ಲ.

ತುತ್ತೂರಿ ಊದಿತು. ಅತಿಥಿಗಳು ಇನ್ನು ಬರುವುದಿಲ್ಲ ಎಂದುಕೊಂಡು ಊದಿಸಿದ್ದರು. ಹೆಣಗಳೆಲ್ಲ ಎದ್ದು ಓಡಿದವು. ದುರಗಪ್ಪ ಏಳಲಿಲ್ಲ. ಮೈಕಿನ ಮುಂದಿದ್ದವನು ಪ್ರೇಮಕುಮಾರ, ಊರ ಸಭೆ ಸಮಾರಂಭಕ್ಕೆಲ್ಲ ನಿರೂಪಕ. ಅವನಿಗೆ ಸುಮ್ಮನಿದ್ದು ಗೊತ್ತಿಲ್ಲ. "ನೋಡಿ ಬಂಧುಗಳೇ, ಪಾತ್ರದಲ್ಲಿ ಎಂಥಾ ತಲ್ಲೀನತೆ! ಎಂಥಾ ಸಹಜ ಅಭಿನಯ! ಒಂದು ಜೋರಾದ ಚಪ್ಪಾಳೆ!" ಅಂದ. ಮಂದಿ ಚಪ್ಪಾಳೆ ಹೊಡೆದರು. ಸಾಲಿಯ ಹಿಂದೆ ಎಲೆ ಮುಂದೆ ಕೂತಿದ್ದ ಮೈಲಾರೆಪ್ಪನಿಗೆ ಆ ಚಪ್ಪಾಳೆ ಕೇಳಿಸಿತು. ಕಿಲ್ಲೇದಾರನಿಗಿರಬೇಕು ಅಂದುಕೊಂಡ.

ಹೆಣ ಖರೇ ಹೆಣವೆಂದು ಗೊತ್ತಾದಾಗ ಅತಿಥಿಗಳ ಕಾರು ಊರ ಅಗಸಿ ಬಾಗಿಲಿಗೆ ಬಂದಿತ್ತು. ಅವರು ಬರುವ ದಾರಿಯಲ್ಲೇ ದುರಗಪ್ಪ ಬಿದ್ದಿದ್ದ. ಮುಟ್ಟುವವರು ಯಾರು? ಬಯಲು ಸಪಾಟು ಮಾಡಲು ತರಿಸಿದ್ದ ಜೆಸಿಬಿ ಮೂಲೆಯಲ್ಲಿ ನಿಂತಿತ್ತು. ಸೋಮಣ್ಣ ಕೈ ಮಾಡಿದ. ಜೆಸಿಬಿ ಬಂತು. ಮಣ್ಣು ಎತ್ತುವ ಬಕೆಟ್ಟು ನೆಲಕ್ಕೆ ತಾಗಿಸಿ, ದುರಗಪ್ಪನನ್ನು ಒಳಗೆ ಸರಿಸಿಕೊಂಡು, ಮೇಲೆತ್ತಿ, ಸಾಲಿಯ ಹಿಂದಕ್ಕೆ ತಂದಿತು. ಮೈಲಾರೆಪ್ಪ ಕೈಯಲ್ಲಿ ತುತ್ತು ಹಿಡಿದು ತಲೆ ಎತ್ತಿ ನೋಡಿದ. ಬಕೆಟ್ಟಿನ ಹಲ್ಲುಗಳ ನಡುವಿಂದ ಒಂದು ಕಾಲು ಹೊರಗೆ ಜೋತುಬಿದ್ದಿತ್ತು. ಕಾಲಲ್ಲಿ ಸಮಿತಿಯವರು ಕೊಟ್ಟ ಕ್ಯಾನ್ವಾಸ್ ಬೂಟು. ಸಂಜೆ ಸಮಿತಿಯವರು ಬೂಟು ವಾಪಸು ಇಸಿದುಕೊಂಡರು.

ಗೋಮೂತ್ರ ಮಾತ್ರ ತಪ್ಪಿಸಲಿಲ್ಲ. ಅವತ್ತು ಸ್ವಲ್ಪ ಹೆಚ್ಚೇ ಹಾಕಿದರು.

ಎದೆ ಮೊದಲೇ ಸೋತಿತ್ತು ಎಂದು ಸಮಿತಿ ಹೇಳಿತು. ಯಾರ ಎದೆ, ಎಂದು ಯಾರೂ ಕೇಳಲಿಲ್ಲ.

ದುರಗಪ್ಪನ ಹೆಂಡತಿ ಗುತ್ತೆವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾಳೆ. ಮುಂಜಾನೆ ಕೂತರೆ ಸಂಜೆ ಏಳುವ ಕೆಲಸ. ಕೈ ಬೆಂಕಿ ಹಾಕಿದ ಹಾಗೆ ಉರಿಯುತ್ತದೆ. ಆ ಕೈ ಕಣ್ಣಿಗೆ ತಾಗಿದರೆ ಮುಗಿಯಿತು. ಗಂಡ ಸತ್ತ ಮಾರನೇ ವಾರ ಕೆಲಸಕ್ಕೆ ಹೋದವಳು ಅಲ್ಲಿ ಅಳಲಿಲ್ಲ. ಗಟ್ಟಿಗಿತ್ತಿ ಅಂದರು ಮಂದಿ. ಸುಟ್ಟಿತು ಗಟ್ಟಿತನ! ಕಣ್ಣು ಒರೆಸಿಕೊಳ್ಳುವ ಹಾಗಿರಲಿಲ್ಲ, ಅದಕ್ಕೇ ಅಳಲಿಲ್ಲ.

ಅವಳು ಕೇಳಿದ್ದು ಒಂದೇ. ಕಟ್ಟೆಯ ಮೇಲೆ ವರ್ಷಾ ಹುತಾತ್ಮರ ಹೆಸರು ಓದುತ್ತಾರೆ. ಖರೇ ಹೆಸರು ಊರಲ್ಲಿ ಯಾರಿಗೂ ಗೊತ್ತಿಲ್ಲ. ಸಮಿತಿಯವರು ತಮ್ಮ ತಮ್ಮ ಮನೆತನದ ಹಿರಿಯರ ಹೆಸರು ಹಾಕಿಕೊಂಡು ಓದಿಸುತ್ತಾರೆ. ಅದರಲ್ಲಿ ದುರಗಪ್ಪನದೂ ಒಂದು ಹೆಸರು ಬರಲಿ. ಒಂದೇ ಸಲ ಬರಲಿ. ಮೈಲಾರೆಪ್ಪ ಅವಳ ಪರವಾಗಿ ಸೋಮಣ್ಣನ ಮನೆಯ ಅಂಗಳದಲ್ಲಿ ನಿಂತು ಕೇಳಿದ.

ಸೋಮಣ್ಣ ಅಡಕೆ ಕತ್ತರಿಸುತ್ತ ಹೇಳಿದ, "ಹುಚ್ಚಗಿಚ್ಚ ಹಿಡದೈತೇನೋ ಮೈಲಾರಿ? ಅವರು ಯುದ್ಧದಾಗ ಸತ್ತವರು. ನಿನ್ನ ತಮ್ಮ ನಾಟಕದಾಗ ಸತ್ತಾನ."

"ಸತ್ತದ್ದು ಖರೇನ ಐತಲ್ರಿ ಸಾವಕಾರ್ರ."

"ಐತಿ. ಅದಕ್ಕ ಏನ್ ಮಾಡಾಕ ಬರ್ತೈತಿ? ಪಾತ್ರ ಮಾಡಿದವರ ಹೆಸರೆಲ್ಲಾ ಓದ್ಕೋತ ಕುಂತ್ರ ಹುತಾತ್ಮರಿಗೆ ಮರ್ಯಾದಿ ಏನ್ ಉಳೀತು? ಹೋಗು. ಈ ವರ್ಷ ಹೊಸಾ ಮೇಡಂ ಬರಾಕತ್ತಾರ, ಎಲ್ಲಾರೂ ಚಂದಾಗಿ ಸಾಯ್ರಿ."

ಮೈಲಾರೆಪ್ಪ ಕೇರಿಗೆ ಬಂದ. ಗುತ್ತೆವ್ವ ಬಾಗಿಲಲ್ಲಿ ಕೂತು ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಭಾವನನ್ನು ನೋಡಿ ಸೆರಗು ಸರಿಮಾಡಿಕೊಂಡಳು. ಅವನ ಮುಖ ನೋಡಿಯೇ ಉತ್ತರ ಗೊತ್ತಾಯಿತು.

"ಈ ವರ್ಷ ನಾ ಹೋಗೂದಿಲ್ಲವ್ವಾ," ಅಂದ ಅವನು. "ಟೆಂಪೋ ನಿಂದರಸಲಿಲ್ಲಂದ್ರ ಬಿಡವಲ್ರಾಕ."

ಗುತ್ತೆವ್ವ ಕೈ ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ನೀವು ಹೋಗಲಿಲ್ಲಂದ್ರ ಇನ್ನೊಬ್ಬನ್ನ ಹಿಡಕೊಂಡ್ ಬರ್ತಾರ. ಸಾಯಾಕ ಮಂದಿ ಕಡಿಮಿ ಅದಾರೇನು?" ಅಂದಳು. "ಹೋಗ್ರಿ ಭಾವಾರ. ಹೋಗಿ ಸಾಯ್ರಿ. ಏಳಬ್ಯಾಡ್ರಿ."

ಮೈಲಾರೆಪ್ಪನಿಗೆ ಮೊದಲು ತಿಳಿಯಲಿಲ್ಲ.

"ಸಾವಕಾರ್ರ ಅಳಿಯಾ ಸತ್ರ ಹೊರತಾರಲ್ಲ? ನಿಮ್ಮನ್ನೂ ಹೊರಲಿ. ನಿಮ್ಮ ತಮ್ಮಗ ಹೆಗಲು ಕೊಡಲಿಲ್ಲ ಅವರು. ಮಣ್ಣ ಎತ್ತಿದಂಗ ಎತ್ತಿ ಒಗದ್ರು." ಅವಳ ಕೈ ಕಣ್ಣಿಗೆ ಹೋಯಿತು, ಅರ್ಧಕ್ಕೆ ನಿಂತಿತು, ಇಳಿಯಿತು.

ಸ್ಮರಣೋತ್ಸವದ ದಿನ ಬಂತು. ಅತಿಥಿಗಳಿಗೆ ಶಾಮಿಯಾನ, ಕಟ್ಟೆಗೆ ಶಾಮಿಯಾನ, ಊರವರಿಗೆ ಶಾಮಿಯಾನ. ಸಾಯುವ ಜಾಗಕ್ಕೆ ಇರಲಿಲ್ಲ. ಕುಂಕುಮದ ನೀರಿಗೆ ಎಣ್ಣೆ ಕಲಸಿ ಸೈನಿಕರ ಎದೆಗೆ, ಹೆಗಲಿಗೆ ಬಳಿದರು. ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಟವೆಲ್ ಎಸೆದರು. ಕೈಗೆ ಕೊಡುವುದಿಲ್ಲ, ಎಸೆಯುತ್ತಾರೆ. ಅದು ಸನ್ಮಾನ. ಬಾಯಾರಿದರೆ ಕುಡಿಯಲು ಈ ವರ್ಷ ಒಂದು ಕೊಡ ನೀರನ್ನೂ ಇಟ್ಟಿದ್ದರು. ಸಾಲಿಯ ಹಿಂದೆ ಇಟ್ಟಿದ್ದರು, ಹೆಣಗಳಿಗೆ ನಿಲುಕದ ಹಾಗೆ.

ಪಟಾಕಿ ಸರ ಹೊಡೆಯಿತು. ಎಲ್ಲರೂ ಸತ್ತರು. ಮೈಲಾರೆಪ್ಪ ದುರಗಪ್ಪ ಬಿದ್ದಿದ್ದ ಜಾಗ ನೋಡಿಕೊಂಡು ಅಲ್ಲೇ ಸತ್ತ. ನೆಲ ಕಾವಲಿಯ ಹಾಗೆ ಕಾದಿತ್ತು. ಎಡಗೆನ್ನೆ ಸುಟ್ಟಿತು. ಬಲಗೆನ್ನೆಗೆ ಹೊರಳುವ ಹಾಗಿಲ್ಲ. ನೊಣ ಬಂದು ತುಟಿಯ ಮೇಲೆ ಕೂತಿತು. ಅದಕ್ಕೂ ಇವನು ಸತ್ತಿದ್ದಾನೆಂದೇ ಅನಿಸಿರಬೇಕು. ತಮ್ಮ ಇಲ್ಲೇ, ಇದೇ ಮಣ್ಣಿಗೆ ಬಾಯಿ ಹಚ್ಚಿ ನೀರು ಕೇಳಿದ್ದ. ನಾನು ಎದ್ದು ಓಡಿದ್ದೆ, ಊಟಕ್ಕೆ. ಮೈಲಾರೆಪ್ಪನಿಗೆ ಅಳು ಬಂತು. ಹೆಣ ಅಳಬಾರದು. ನುಂಗಿಕೊಂಡ.

ಅತಿಥಿ ಬಂದರು. ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿ, ಮೈಸೂರು ಕಡೆಯ ಹೆಣ್ಣುಮಗಳು. ಕಿಲ್ಲೇದಾರ ಅವರ ಮುಖ ನೋಡಿಕೊಂಡು ಚಾಪೆಯ ಮೇಲೆ ಸತ್ತ. ನಾಲ್ವರು ಹೊತ್ತೊಯ್ದರು. ತುತ್ತೂರಿ ಊದಿತು.

ಹೆಣಗಳು ಎದ್ದವು. ಮೈಲಾರೆಪ್ಪ ಏಳಲಿಲ್ಲ.

ಹೋದ ವರ್ಷದ್ದು ಎಲ್ಲರಿಗೂ ನೆನಪಿತ್ತು. ಓಡುತ್ತಿದ್ದ ಅಬ್ದುಲರಜಾಕ ಎದೆ ಹೊಡೆದುಕೊಳ್ಳುತ್ತ ತಿರುಗಿ ಬಂದು ಮುಖದ ಹತ್ತಿರ ಬಗ್ಗಿದ.

"ಯಾ ಅಲ್ಲಾ! ಮೈಲಾರಿ! ಜೀವ ಐತೇನೋ?"

"ಐತಿ. ಸುಮ್ಕ ಹೋಗು," ಅಂದ ಮೈಲಾರೆಪ್ಪ, ತುಟಿ ಅಲ್ಲಾಡಿಸದೆ. "ನಾ ಏಳಂಗಿಲ್ಲ. ಹೊತ್ಕೊಂಡ್ ಹೋಗಲಿ."

ಅಬ್ದುಲರಜಾಕ ಅವನನ್ನು ನೋಡಿದ. ಕಟ್ಟೆಯನ್ನು ನೋಡಿದ. ಕುಂಪಣಿಯ ಕೆಂಪು ಅಂಗಿಯ ಗುಂಡಿ ಬಿಚ್ಚಿ, ಅಂಗಿ ತೆಗೆದು ಆ ಕಡೆ ಒಗೆದ. ಬನಿಯನ್ನಿನ ಮೇಲೆ ಮೈಲಾರೆಪ್ಪನ ಮಗ್ಗುಲಲ್ಲಿ ಅಂಗಾತ ಮಲಗಿದ. ಈ ಸಲ ಕೋಟೆಯ ಒಳಗೇ ಸತ್ತ. ಅದನ್ನು ನೋಡಿ ಅರ್ಧ ದಾರಿಗೆ ಹೋಗಿದ್ದ ಹೆಣಗಳು ನಿಂತವು. ಒಂದೊಂದಾಗಿ ಹಿಂದಕ್ಕೆ ಬಂದು ಬಿದ್ದವು.

ಪ್ರೇಮಕುಮಾರ ಮೈಕಿನಲ್ಲಿ, "ಬಂಧುಗಳೇ, ಒಂದು ಸಣ್ಣ ತಾಂತ್ರಿಕ ಅಡಚಣೆ," ಅಂದ.

ಸೋಮಣ್ಣ ಧೋತರ ಎತ್ತಿ ಹಿಡಿದುಕೊಂಡು ಓಡಿ ಬಂದ. ಮಾರುದೂರದಲ್ಲೇ ನಿಂತ.

"ಏಳಲೇ ಮೈಲಾರಿ. ಮೇಡಂ ನಿಂತಾರ. ನಡಿ ಆ ಕಡೆ."

"ಹೆಣ ನಡೀತಾವೇನ್ರಿ ಸಾವಕಾರ್ರ?"

ಸೋಮಣ್ಣನ ಹಲ್ಲು ಕಡಿದ ಸಪ್ಪಳ ಕೇಳಿತು. "ಮಗನ, ನಾಳಿಂದ ಟೆಂಪೋ ಇಲ್ಲ ನಿನಗ. ನಿನಗಷ್ಟ ಅಲ್ಲ, ಆ ಗುತ್ತಿಗೂ ಇಲ್ಲ."

"ಹೆಣಕ್ಕ ಟೆಂಪೋ ಯಾಕ್ರಿ?"

ಸೋಮಣ್ಣ ಜೆಸಿಬಿ ಕಡೆ ಕೈ ಮಾಡಿದ. ಅದು ಗುಡುಗುಡು ಅನ್ನುತ್ತ ಬಂತು. ಬಕೆಟ್ಟಿನ ಹಲ್ಲು ಮೈಲಾರೆಪ್ಪನ ಕಾಲ ಬುಡದಲ್ಲಿ ನೆಲಕ್ಕೆ ತಾಗಿತು. ಮೈಲಾರೆಪ್ಪ ಕಣ್ಣು ಮುಚ್ಚಿಯೇ ಇದ್ದ. ಹೆದರಿಕೆ ಅಂದರೆ ಹೆದರಿಕೆಯೇ, ಅದರಲ್ಲಿ ಸುಳ್ಳೇನು? ಜೆಸಿಬಿ ಮೇಲೆ ಕೂತವನು ಜಾಕೀರ್. ಅಬ್ದುಲರಜಾಕನ ಮಗ. ಹೋದ ವರ್ಷವೂ ಅವನೇ ಕೂತಿದ್ದ. ಆಮೇಲೆ ಬಹಳ ದಿನ ಅವನು ಕೇರಿಯ ದಾರಿಯಲ್ಲಿ ಹಾಯ್ದಿರಲಿಲ್ಲ.

ಅಬ್ದುಲರಜಾಕ ಮಲಗಿದಲ್ಲಿಂದಲೇ ಕೂಗಿದ. "ಜಾಕೀರ್, ನಿಮ್ಮಪ್ಪನ್ನ ಮೊದಲ ಎತ್ತು ಬಾ."

ಜಾಕೀರ್ ಕೀಲಿ ತಿರುಗಿಸಿದ. ಎಂಜಿನ್ ನಿಂತಿತು. ಕೀಲಿ ತೆಗೆದು ಕಿಸೆಗೆ ಹಾಕಿಕೊಂಡು ಕೆಳಗಿಳಿದ. "ಇದು ಮಣ್ಣು ಎತ್ತೋ ಗಾಡಿರೀ," ಅಂದ. ಸೋಮಣ್ಣ ಏನೇನು ಬೈದ ಅನ್ನುವುದನ್ನು ಬರೆಯುವ ಹಾಗಿಲ್ಲ. ಜಾಕೀರ್ ಎಲ್ಲ ಕೇಳಿಸಿಕೊಂಡು, ಸಾಲಿಯ ಹಿಂದೆ ಹೋಗಿ, ನೀರಿನ ಕೊಡ ಹೊತ್ತು ತಂದು ಹೆಣಗಳ ನಡುವೆ ಇಟ್ಟ.

ಮೇಡಂ ಅಷ್ಟರಲ್ಲಿ ನಡೆದು ಬಂದುಬಿಟ್ಟಿದ್ದರು. ಹಿಂದೆ ಮೊಬೈಲು ಎತ್ತಿ ಹಿಡಿದವರ ಹಿಂಡು. ಮೇಡಂಗೆ ಇದೆಲ್ಲ ರೂಪಕದ ಮುಂದಿನ ದೃಶ್ಯ ಅನ್ನಿಸಿತ್ತು.

"ಎಷ್ಟು ಚೆನ್ನಾಗಿದೆ!" ಅಂದರು. "ಬರೀ ನಾಯಕನನ್ನ ಹೊತ್ತರೆ ಆಯ್ತಾ ಅಂತ ನಾನೂ ಅಂದ್ಕೊಂಡೆ. ಇವರನ್ನೂ ಕಟ್ಟೆಗೆ ಹೊತ್ತುಕೊಂಡು ಹೋಗ್ತೀರಿ ಅಲ್ವಾ? ನಾನೇ ಒಬ್ಬೊಬ್ಬರಿಗೂ ಹಾರ ಹಾಕ್ತೀನಿ. ಹ್ಞಾಂ, ಎತ್ತಿ."

ಎತ್ತುವುದಿಲ್ಲ ಅನ್ನಬೇಕೆಂದರೆ ಯಾಕೆ ಅಂತ ಹೇಳಬೇಕು. ಅಷ್ಟು ಮೊಬೈಲುಗಳ ಮುಂದೆ ಆ ಯಾಕೆಯನ್ನು ಹೇಳುವ ಧೈರ್ಯ ಹಿರೇಕಾವಲಿಯಲ್ಲಿ ಯಾರಿಗೂ ಇರಲಿಲ್ಲ. ಮಾಡಲು ಇದ್ದ ಧೈರ್ಯ ಹೇಳಲು ಇರಲಿಲ್ಲ. ಸೋಮಣ್ಣ ಕಿಲ್ಲೇದಾರನನ್ನು ಹೊತ್ತ ನಾಲ್ವರನ್ನು ಕರೆದ. ಒಬ್ಬನಿಗೆ ಆಗಲೇ ಬೆನ್ನು ಹಿಡಿದುಕೊಂಡಿತ್ತು. ಮೂವರು ಬಂದರು. ನಾಲ್ಕನೆಯವನಾಗಿ ಸೋಮಣ್ಣನೇ ನಿಲ್ಲಬೇಕಾಯಿತು.

ನಾಲ್ವರೂ ನೆಲದ ಮೇಲೆ ಬಿದ್ದಿದ್ದ ಸನ್ಮಾನದ ಟವೆಲ್‌ಗಳನ್ನು ಎತ್ತಿಕೊಂಡು ಕೈಗೆ ಸುತ್ತಿಕೊಳ್ಳತೊಡಗಿದರು.

"ಟವೆಲ್ ತಗೀರಿ," ಅಂತು ಹೆಣ.

"ಏನ್ಲೇ?" ಸೋಮಣ್ಣನ ದನಿ ಪಿಸುಗುಟ್ಟಿತು.

"ಅಳಿಯನ್ನ ಬರಿಗೈಲೆ ಎತ್ತೀರಿ. ನನ್ನೂ ಬರಿಗೈಲೆ ಎತ್ರಿ."

"ಮೈಲಾರಿ, ಮರ್ಯಾದಿ ತಗೀಬ್ಯಾಡೋ. ಕೈ ಮುಗಿತೇನಿ."

"ಮುಗೀಬ್ಯಾಡ್ರಿ. ಎತ್ರಿ."

ಮೇಡಂ ನಗುನಗುತ್ತ ಕಾಯುತ್ತಿದ್ದರು. ಟವೆಲ್‌ಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಒಂದು ಕೈ ಮೈಲಾರೆಪ್ಪನ ರಟ್ಟೆಗೆ ಬಂತು. ತಣ್ಣಗಿತ್ತು, ಬೆವತಿತ್ತು. ಇನ್ನೊಂದು ಕೈ ತೊಡೆಯ ಕೆಳಗೆ ಬಂತು. ಐವತ್ತು ದಾಟಿದ ಗಂಡಸು ಅವನು. ಊರ ಮಂದಿಯ ಕೈ ಮೈಗೆ ತಾಗಿದ್ದು ಇದೇ ಮೊದಲಲ್ಲ. ಹಿಂದೆಯೂ ತಾಗಿತ್ತು, ಕೆನ್ನೆಗೆ.

ಹಮಾಲಿಗೆ ಭಾರದ ಗುಟ್ಟು ಗೊತ್ತು. ಬಿಗಿಯಾಗಿ ತುಂಬಿದ ಚೀಲ ಹಗುರ. ಸಡಿಲ ಬಿಟ್ಟ ಚೀಲ ಹೊತ್ತವನ ಸೊಂಟ ಮುರಿಯುತ್ತದೆ. ಮೈಲಾರೆಪ್ಪ ಮೈಯನ್ನು ಪೂರಾ ಸಡಿಲ ಬಿಟ್ಟ. ತಲೆ ಸೋಮಣ್ಣನ ಹೆಗಲಿಗೆ ಒರಗಿತು. ಕೈ ಅವನ ಬೆನ್ನ ಮೇಲೆ ಜೋತುಬಿತ್ತು. ನಾಲ್ವರೂ ಉಸ್ಸೆಂದರು. ಒಬ್ಬನ ಮೊಣಕಾಲು ಮಡಚಿತು. ಹೆಜ್ಜೆ ಹೆಜ್ಜೆಗೂ ಮೈಲಾರೆಪ್ಪನ ಎದೆಯ ಕುಂಕುಮ ಸೋಮಣ್ಣನ ಬಿಳಿ ಜುಬ್ಬಾಕ್ಕೆ ಇಳಿಯುತ್ತಿತ್ತು. ಜನ್ಮವೆಲ್ಲ ಹೊತ್ತವನನ್ನು ಯಾರೋ ಹೊರುತ್ತಿದ್ದರು. ಆಹಾ, ಎಂಥಾ ಸುಖ ಅಂತೀರಿ! ಬಿಸಿಲು, ನೊಣ, ಸುಟ್ಟ ಕೆನ್ನೆ ಎಲ್ಲ ಮರೆತುಹೋಯಿತು. ಆ ಸುಖದಲ್ಲೇ ತಮ್ಮನ ಜೋತ ಕಾಲು ನೆನಪಾಯಿತು.

ಕಟ್ಟೆಯ ಮೇಲೆ ಮಲಗಿಸಿದರು. ಶಾಮಿಯಾನದ ಕೆಳಗೆ ಕಲ್ಲು ತಣ್ಣಗಿತ್ತು. ಮೈಲಾರೆಪ್ಪ ಮೊದಲ ಸಲ ನೆರಳಿನಲ್ಲಿ ಸತ್ತ. ಮಗ್ಗುಲಲ್ಲಿದ್ದ ಕಿಲ್ಲೇದಾರ ಒಂದು ಕಣ್ಣು ತೆರೆದು ನೋಡಿ, ಆ ಕಡೆ ಸರಿದ.

ಮೇಡಂ ಹಾರ ಹಿಡಿದು ಬಗ್ಗಿದರು. "ಈ ಯೋಧನ ಹೆಸರೇನು?"

ಪ್ರೇಮಕುಮಾರ ಕೈಯಲ್ಲಿದ್ದ ಹೆಸರಿನ ಪಟ್ಟಿ ತಿರುವಿದ.

"ದುರಗಪ್ಪ ರೀ," ಅಂದ ಮೈಲಾರೆಪ್ಪ, ಕಣ್ಣು ಮುಚ್ಚಿಕೊಂಡೇ. "ಹೋದ ವರ್ಷ ಇಲ್ಲೇ ಸತ್ತೇನ್ರಿ. ನೀರು ಕೇಳಿದ್ದೆ."

ಮೇಡಂ ಕೈಯಲ್ಲಿದ್ದ ಹಾರ ಹಾಗೇ ನಿಂತಿತು. ಅವರು ಸೋಮಣ್ಣನ ಮುಖ ನೋಡಿದರು. ಮುಖದ ಮೇಲಿನ ನಗು ಇಳಿಯಿತು. ಆದರೆ ಪ್ರೇಮಕುಮಾರ ಅಷ್ಟು ದೂರ ಯೋಚನೆ ಮಾಡುವ ಆಸಾಮಿ ಅಲ್ಲ. ಹೆಸರು ಕಿವಿಗೆ ಬಿದ್ದರೆ ಮೈಕಿಗೆ ಹೋಗಲೇಬೇಕು. "ವೀರಯೋಧ ದುರಗಪ್ಪನವರು!" ಎಂದು ಕೂಗಿದ. "ಅಮರ ರಹೇ!" ಮಂದಿಗೂ ರೂಢಿ. "ಅಮರ ರಹೇ!" ಅಂದರು. ಅಂದ ಮೇಲೆ ಅವರಿಗೆ ಗೊತ್ತಾಯಿತು, ಅಂದಿದ್ದು ಯಾರ ಹೆಸರು ಅಂತ. ಬಾಯಿಂದ ಹೋದದ್ದು ಹೋಗಿತ್ತು. ನಾಲ್ಕು ದಿಕ್ಕಿನ ನಾಲ್ಕು ಧ್ವನಿವರ್ಧಕ ಅದನ್ನು ಹೊಳೆಯ ತನಕ ಮುಟ್ಟಿಸಿದ್ದವು.

ಮಂದಿಯ ಹಿಂದೆ, ಬೇಲಿಗೆ ಒರಗಿ ಗುತ್ತೆವ್ವ ನಿಂತಿದ್ದಳು. ಅವತ್ತು ಮೆಣಸಿನಕಾಯಿ ಕೆಲಸಕ್ಕೆ ಹೋಗಿರಲಿಲ್ಲ. ಕೈ ತೊಳೆದುಕೊಂಡು ಬಂದಿದ್ದಳು. ಎರಡೂ ಅಂಗೈ ಕಣ್ಣಿಗೆ ಒತ್ತಿಕೊಂಡು, ಗಟ್ಟಿಯಾಗಿ ಅತ್ತಳು.

ಪೂಜಾರಿ ತಂಬಿಗೆ ಹಿಡಿದು ಕಟ್ಟೆಯ ಬುಡದಲ್ಲಿ ನಿಂತಿದ್ದ. ಬೇವಿನ ಎಲೆ ಅದ್ದಿದ್ದ, ಎತ್ತಿದ್ದ. ಕಟ್ಟೆಯನ್ನು ನೋಡಿದ. ಮೇಡಂ ಕೈಯ ಹಾರ ನೋಡಿದ. ಹೊತ್ತು ತಂದ ನಾಲ್ವರ ಕೆಂಪು ಕೈ ನೋಡಿದ. ಅಧ್ಯಕ್ಷರ ಜುಬ್ಬಾ ನೋಡಿದ.

"ಸಾವಕಾರ್ರ," ಅಂದ, "ಈಗ ಎಲ್ಲಿ ಹಾಕ್ಲಿ?"

ತಂಬಿಗೆ ಸಣ್ಣದಿತ್ತು.

ಕೆಳಗೆ ಬಯಲಲ್ಲಿ, ಬಿಸಿಲಲ್ಲಿ, ಉಳಿದ ಹೆಣಗಳು ಬಿದ್ದೇ ಇದ್ದವು. ಅಬ್ದುಲರಜಾಕ ಮಗನ ಕೈಯಿಂದ ಒಂದು ಗುಟುಕು ನೀರು ಕುಡಿದು, ಮತ್ತೆ ಅಂಗಾತ ಮಲಗಿ, ಕೈ ಎತ್ತಿ ಕರೆದ.

"ಸಾವಕಾರ್ರ, ಇನ್ನ ನನ್ನ ಪಾಳಿ. ಲಗೂ ಬರ್ರಿ."